ಮಂಚದ ಕೆಳಗೆ ಪಿಲಾಟೀಸ್

ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ “ಎದೆ ಮುಂದೆ, ಹೊಟ್ಟೆ ಒಳಗೆ” ಎಂದು ಕೂಗುತ್ತಾ ಬಂದವನು. ನನ್ನ ಸ್ವಂತ ಹೊಟ್ಟೆ ಒಳಗೆ ಹೋಗುವುದನ್ನು ನಿಲ್ಲಿಸಿ ಹತ್ತು ವರ್ಷವಾಯಿತು; ಅದು ಬೇರೆ ವಿಷಯ. ಹೋದ ವರ್ಷ ಗುಂಡು ಎಸೆಯುವುದನ್ನು ತೋರಿಸಲು ಬಗ್ಗಿದವನು ಮೇಲೇಳಲಿಲ್ಲ. ಗುಂಡು ಇದ್ದಲ್ಲೇ ಇತ್ತು. ನನ್ನನ್ನು ಎತ್ತಿಕೊಂಡು ಹೋದರು.

ಸೊಂಟದ ಡಿಸ್ಕ್ ಜರುಗಿದೆ ಎಂದರು ಡಾಕ್ಟರು. ನೋವು ಸ್ವಲ್ಪ ಇಳಿದ ಮೇಲೆ ಹೊನ್ನಾಳಿಯ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಕಳಿಸಿದರು. ತಾಲ್ಲೂಕು ಕ್ರೀಡಾಕೂಟಕ್ಕೆ ಎರಡೇ ತಿಂಗಳಿತ್ತು. ಅಷ್ಟರೊಳಗೆ ನಾನು ನೆಟ್ಟಗಾಗದಿದ್ದರೆ ಪಥಸಂಚಲನದ ಹೊಣೆ ಗಣಿತದ ಮೇಷ್ಟ್ರ ಪಾಲಾಗುತ್ತಿತ್ತು. ಎಡಗಡೆ ಯಾವುದೆಂದು ಕೈ ನೋಡಿಕೊಂಡು ಹೇಳುವ ಮನುಷ್ಯ ಅವರು!

ಕೇಂದ್ರದ ಫಿಸಿಯೋಥೆರಪಿಸ್ಟ್ ಸಿಂಧು ನನ್ನ ಮಗಳ ವಯಸ್ಸಿನವರು. “ಸಾರ್, ನಿಮಗೆ ಪಿಲಾಟೀಸ್ ಮಾಡಿಸ್ತೀನಿ. ಬೆನ್ನು, ಹೊಟ್ಟೆ ಒಳಗಿನ ಸ್ನಾಯು ಗಟ್ಟಿಯಾಗಬೇಕು” ಎಂದರು. ಹೆಸರಿನ ಗತ್ತು ಕೇಳಿ ನಾನು ಸರಪಳಿ, ಸ್ಪ್ರಿಂಗು, ದೊಡ್ಡ ಯಂತ್ರ ಏನೇನೋ ಬರುತ್ತದೆ ಎಂದುಕೊಂಡಿದ್ದೆ. ಅವರು ಒಂದು ಚಾಪೆ ಹಾಸಿದರು.

“ಮಲಗ್ರಿ. ಮಂಡಿ ಮಡಚ್ರಿ. ಉಸಿರು ಬಿಡ್ತಾ ಹೊಕ್ಕಳ ಮೆಲ್ಲಗೆ ಒಳಗೆ ಎಳಕೊಳ್ರಿ.”

“ಆಮೇಲೆ?”

“ಆಮೇಲೇನಿಲ್ಲ ಸಾರ್. ಈ ವಾರಕ್ಕೆ ಇಷ್ಟೇ.”

ಪಕ್ಕದ ಚಾಪೆಯಲ್ಲಿ ಸಾಸ್ವೆಹಳ್ಳಿಯ ಬಸಮ್ಮ ಎಂಬ ಅಜ್ಜಿ ಮಲಗಿದ್ದರು. ಅವರಿಗೂ ಸೊಂಟದ್ದೇ ತೊಂದರೆ. ಹೊಲದಲ್ಲಿ ಕಳೆ ಕೀಳುವುದನ್ನು ಬಿಟ್ಟು ಬೇರೆ ವ್ಯಾಯಾಮ ತಿಳಿಯದ ಅವರು, ಸಿಂಧು ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದರು. ನನ್ನತ್ತ ತಿರುಗಿ, “ಮೇಷ್ಟ್ರೇ, ಉಸಿರು ಬಿಡ್ರಿ. ಮುಖ ಬದನೆಕಾಯಿ ಆಗೈತೆ” ಎಂದರು.

ಶಾಲೆಗೇ ವ್ಯಾಯಾಮ ಕಲಿಸಿದವನಿಗೆ ಉಸಿರಾಡುವ ಪಾಠವೇ? ನಾನು ಮನೆಗೆ ಬಂದವನೇ ಮೊಬೈಲಿನಲ್ಲಿ ಪಿಲಾಟೀಸ್ ಹುಡುಕಿದೆ. ಒಬ್ಬಳು ಮೊಣಕಾಲು ತಬ್ಬಿಕೊಂಡು, ಚೆಂಡಿನಂತೆ ಹಿಂದಕ್ಕೆ ಉರುಳಿ, ನಗುತ್ತಾ ಎದ್ದು ಕೂರುತ್ತಿದ್ದಳು. ಇದು ವ್ಯಾಯಾಮ ಎಂದುಕೊಂಡೆ.

“ರೀ, ಮೇಡಂ ಹೇಳಿದ್ದಷ್ಟೇ ಮಾಡ್ರಿ” ಎಂದಳು ಹೆಂಡತಿ ಗಿರಿಜಾ.

“ದೈಹಿಕ ಶಿಕ್ಷಣದಲ್ಲಿ ಪದವಿ ತಗಂಡಿರೋದು ನಾನಾ, ನೀನಾ?”

ಅವಳು ಅಡುಗೆಮನೆಗೆ ಹೋದಳು. ನಾನು ಮೊಣಕಾಲು ತಬ್ಬಿಕೊಂಡು ಉರುಳಿದೆ. ಮೊದಲ ಸಲ ಅದ್ಭುತವಾಗಿ ಹೋದೆ, ಬರಲಿಲ್ಲ ಅಷ್ಟೇ. ಆಗತಾನೇ ಒರೆಸಿದ್ದ ನೆಲ ನನ್ನನ್ನು ಓರೆಯಾಗಿ ಜಾರಿಸಿಕೊಂಡು ಹೋಗಿ ಮಂಚದ ಕೆಳಗೆ ತುರುಕಿತು. ಹಿಂದೆ ಅಕ್ಕಿ ಚೀಲ, ಮೇಲೆ ಮಂಚದ ಹಲಗೆ, ನಡುವೆ ಪದವೀಧರ. ಸೊಂಟ ಚಳಕ್ ಎಂದಿತು. ಅಲುಗಾಡಲೂ ಹೆದರಿಕೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಹಾಲಪ್ಪ ಪೇಪರ್ ಕೇಳಿಕೊಂಡು ಬಂದ.

“ಅಕ್ಕಾರೇ, ಮೇಷ್ಟ್ರು ಎಲ್ಲಿ?”

“ಮಂಚದ ಕೆಳಗೆ ಅದಾರೆ.”

“ಇಲಿ ಹಿಡಿಯಾಕೆ ಹೋಗ್ಯಾರಾ?”

“ಇಲ್ಲಪ್ಪ, ಸೊಂಟ ಸರಿ ಮಾಡ್ಕಳಾಕೆ ಹೋಗ್ಯಾರೆ.”

ಇಬ್ಬರೂ ಸೇರಿ ನನ್ನ ಮೇಲಿಂದ ಮಂಚವನ್ನೇ ಎತ್ತಿ ಸರಿಸಿದರು. ನಾನು ಮಾತ್ರ ಮೊಣಕಾಲು ತಬ್ಬಿಕೊಂಡೇ ಇದ್ದೆ. ಸಂಜೆಯೊಳಗೆ ಇಡೀ ಓಣಿಯೇ ಬಂದು ಆರೋಗ್ಯ ವಿಚಾರಿಸಿತು. ಪ್ರತಿಯೊಬ್ಬರೂ ಮೊದಲು ಮಂಚದ ಕೆಳಗೆ ಬಗ್ಗಿ ನೋಡಿದರು.

ನೋವು ಇಳಿದ ಮೇಲೆ ಮತ್ತೆ ಕೇಂದ್ರಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ಸಿಂಧು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಡಿಸ್ಕ್ ತೊಂದರೆ ಇದ್ದೋರು ಉರುಳಲೇಬಾರದು ಸಾರ್. ಮೊದಲನೇ ದಿನದಿಂದ ಶುರು ಮಾಡಣ” ಎಂದು ಮತ್ತೆ ಅದೇ ಚಾಪೆ ಹಾಸಿದರು. ಅಷ್ಟರಲ್ಲಿ ಬಸಮ್ಮ ಕಾಲೆತ್ತುವ ಹಂತಕ್ಕೆ ಬಡ್ತಿ ಪಡೆದಿದ್ದರು.

ಕ್ರೀಡಾಕೂಟ ನಾನಿಲ್ಲದೆ ನಡೆಯಿತು. ಗಣಿತದ ಮೇಷ್ಟ್ರ ಮುಂದಾಳುತನದಲ್ಲಿ ನಮ್ಮ ಶಾಲೆಗೆ ಪಥಸಂಚಲನದಲ್ಲಿ ಮೊದಲ ಬಹುಮಾನ ಬಂತು. ಸುದ್ದಿ ತಂದ ಹಾಲಪ್ಪನಿಗೆ ಆ ದಿನ ಪೇಪರ್ ಕೊಡಲಿಲ್ಲ.

ನಾನು ತೆಪ್ಪಗೆ ಉಸಿರು ಬಿಡುವುದನ್ನು ಕಲಿತೆ. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ನಾನೇ ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಕಣ್ಣು ಒದ್ದೆಯಾಯಿತು. ಗಿರಿಜಾ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಎರಡನೇ ಸಲ ಕಾಫಿಗೆ ಇಟ್ಟಳು.

ಕೊನೆಯ ದಿನ ಸಿಂಧು, “ಹೊಸ ಪೇಷಂಟುಗಳಿಗೆ ತೋರಿಸಾಕೆ ಒಂದು ವಿಡಿಯೋ ಬೇಕಿತ್ತು. ಮೊದಲನೇ ದಿನ ಹೆಂಗೆ ಮಾಡಿದ್ರೋ ಹಂಗೇ ಮಾಡಿ ತೋರಿಸ್ತೀರಾ ಸಾರ್?” ಎಂದರು. ಅಂತೂ ನನ್ನ ಅನುಭವಕ್ಕೆ ಬೆಲೆ ಬಂತು! ತಲೆ ಬಾಚಿಕೊಂಡು ಮಲಗಿ, ಮೊದಲ ದಿನದಂತೆಯೇ ಮುಖ ಬದನೆಕಾಯಿ ಮಾಡಿಕೊಂಡೆ. ಬಸಮ್ಮನದೂ ಒಂದು ವಿಡಿಯೋ ಮಾಡಿಕೊಂಡರು.

ಮುಂದಿನ ತಿಂಗಳು ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿದ್ದ ಒಬ್ಬರು ಓಡೋಡಿ ಬಂದು ಕೈಮುಗಿದರು.

“ವಿಡಿಯೋದಾಗಿರೋ ಮೇಷ್ಟ್ರು ನೀವೇ ಅಲ್ವೇನ್ರೀ? ನಿಮ್ಮಿಂದ ಭಾಳ ಉಪಕಾರ ಆತು.”

ನಾನು ಎದೆ ಉಬ್ಬಿಸಿದೆ. “ಏನು ಕಲ್ತ್ರಿ?”

“ಮೇಡಂ ಅಜ್ಜೀನ ತೋರಿಸಿ ‘ಹಿಂಗೆ ಮಾಡ್ರಿ’ ಅಂತಾರೆ. ನಿಮ್ಮನ್ನ ತೋರಿಸಿ ‘ಹಿಂಗೆ ಮಾಡಬ್ಯಾಡ್ರಿ’ ಅಂತಾರೆ. ಒಂದೇ ಸಲಕ್ಕೆ ತಿಳೀತು ನೋಡ್ರಿ.”

ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನನ್ನ ಪಾಠ ಒಂದೇ ಸಲಕ್ಕೆ ಒಬ್ಬರಿಗೆ ಅರ್ಥವಾದದ್ದು ಇದೇ ಮೊದಲು.