ಪಡಿ ಎತ್ತಲು ಬಂದ ಬೀಗರು

ಮೂಗನೊಬ್ಬ ಮಾತಾಡಿದ್ದೇ ಸೋಮಯ್ಯನ ಕಷ್ಟಕ್ಕೆಲ್ಲ ಮೂಲ.

ಕೆ.ಆರ್. ಪೇಟೆಯ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಸೋಮಯ್ಯ, ಬಾಗಿಲಿಗೆ ಬಂದ ಆ ಮೂಗನಿಗೆ ಊಟ ಹಾಕಿ, ಹಳೆಯ ಷರಟು ಕೊಟ್ಟು, ಅವನ ಕೈಸನ್ನೆ ಕಂಡು ಕಣ್ಣೊರೆಸಿಕೊಂಡಿದ್ದ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅದೇ ಷರಟು ತೊಟ್ಟ ಅದೇ ಮೂಗ ನಾಗಮಂಗಲದ ಬಸ್ಸಿನ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳವಾಡುತ್ತಿದ್ದ. ಕಂಡಕ್ಟರನಿಗೇ ಮಾತು ನಿಂತುಹೋಗಿತ್ತು. ಸೋಮಯ್ಯ ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದರೆ ಆಗುತ್ತಿತ್ತು. ತಾನೇ ಬೀದಿಗೆಲ್ಲ ಸಾರಿದ. "ನನ್ನಂಥ ಪೆದ್ದ ಈ ತಾಲ್ಲೂಕಲ್ಲೇ ಇನ್ನೊಬ್ಬ ಇಲ್ಲ ಕಣ್ರಪ್ಪ" ಅಂದ. ಬೀದಿಯವರು ಯಾರೂ ಇಲ್ಲ ಅನ್ನಲಿಲ್ಲ. ಇನ್ನು ಮೇಲೆ ಯಾವ ಭಿಕ್ಷುಕನಿಗೂ ಕಾಳು ಅಕ್ಕಿ ಹಾಕುವುದಿಲ್ಲವೆಂದು ಅವತ್ತೇ ಶಪಥ ಮಾಡಿದ.

ಶಪಥಕ್ಕೆ ವಾರವೂ ತುಂಬಿರಲಿಲ್ಲ. ಶ್ರಾವಣ ಶನಿವಾರ ಬೆಳಗ್ಗೆಯೇ ಹೆಂಡತಿ ಜಯಲಕ್ಷ್ಮಮ್ಮನ ತಮ್ಮ ಲೋಕೇಶ್ ಸೈಕಲ್ಲು ತುಳಿದುಕೊಂಡು ಬಂದ. ಸೋಮಯ್ಯನ ಮಗಳು ಹೇಮಶ್ರೀಗೆ ಕಿಕ್ಕೇರಿ ಕಡೆಯ ಸಂಬಂಧ ತಂದಿದ್ದವನು ಅವನೇ. ಹುಡುಗ ಹೈಸ್ಕೂಲು ಮೇಷ್ಟ್ರು, ಮನೆಯಲ್ಲಿ ಗದ್ದೆ, ತೋಟ, ಹಸು. ಜಾತಕ ಕೂಡಿತ್ತು. ಹುಡುಗನ ತಂದೆ ಚಿಕ್ಕಸ್ವಾಮಿ ಹೂಂ ಅನ್ನುವುದೊಂದು ಬಾಕಿ. ಹಿಂದೆ ಎರಡು ಸಂಬಂಧ ಕೈತಪ್ಪಿದ್ದರಿಂದ ಮನೆಯವರೆಲ್ಲ ಇದರ ಮೇಲೇ ಜೀವ ಇಟ್ಟುಕೊಂಡಿದ್ದರು.

"ಭಾವ, ಚಿಕ್ಕಸ್ವಾಮಣ್ಣ ಇವತ್ತು ನಿಮ್ ಬೀದಿಗೆ ಬತ್ತಾವ್ರೆ" ಅಂದ ಲೋಕೇಶ್ ಗುಟ್ಟಾಗಿ. "ಎಂಕಟ್ರಮಣನ ಒಕ್ಕಲು ಅವ್ರು. ನಾಮ ಇಕ್ಕಂಡು, ಐದು ಮನೆ ಪಡಿ ಎತ್ತಿ, ಆ ಅಕ್ಕಿ ತಗಂಡು ಹೇಮಗಿರಿ ಗುಡಿಗೆ ಓಗೋದು ಪದ್ಧತಿ. ಎಣ್ಣಿನ ಮನೆಯೋರ ಕೈ ಎಂಗೈತೆ ಅಂತಾನೂ ಅಂಗೇ ನೋಡ್ಕಂಡು ಓಯ್ತಾರಂತೆ."

"ಆಳು ಎಂಗವ್ರೆ?"

"ನಾ ಉಡುಗನ್ನ ನೋಡಿವ್ನಿ, ಅಪ್ಪನ್ನ ನೋಡಿಲ್ಲ. ನಾಮ ಇಕ್ಕಂಡ್ಮೇಲೆ ಎಲ್ಲಾ ಒಂದೇ ತರ ಬುಡಿ. ನೀವು ಮಾತ್ರ ಗೊತ್ತಿರೋರಂಗೆ ಆಡ್ಬ್ಯಾಡಿ."

ಅಷ್ಟು ಹೇಳಿ ಲೋಕೇಶ್ ಡೈರಿ ಕೆಲಸಕ್ಕೆ ಹೊರಟುಹೋದ. ಸೋಮಯ್ಯನ ತಲೆ ಬಿಸಿಯಾಯಿತು. ಶ್ರಾವಣ ಬಂತೆಂದರೆ ನಮ್ಮ ಕಡೆ ಗದ್ದೆ ತೋಟದ ಯಜಮಾನನೂ ಚೊಂಬು ಹಿಡಿದು "ಗೋವಿಂದ" ಎಂದು ಬೀದಿಗಿಳಿಯುತ್ತಾನೆ, ಹೊಟ್ಟೆಪಾಡಿನವನೂ ಇಳಿಯುತ್ತಾನೆ. ಮಿಕ್ಕವರು ಎಲ್ಲರ ಚೊಂಬಿಗೂ ಹಿಡಿ ಅಕ್ಕಿ ಹಾಕಿ ಕೈ ಮುಗಿಯುತ್ತಾರೆ. ಹಿಡಿ ಅಕ್ಕಿಗೆ ಮಗಳ ಮದುವೆ ಕುದುರುತ್ತದೆಯೇ? ಶಪಥ ಮೂಲೆಗಿರಲಿ, ಬಂದವರನ್ನೆಲ್ಲ ಕೂರಿಸಿ ಉಣ್ಣಿಸುವುದೇ ಸರಿ, ಅವರಲ್ಲೊಬ್ಬ ಬೀಗನಾಗಿರುತ್ತಾನೆ ಎಂದು ಸೋಮಯ್ಯ ಲೆಕ್ಕ ಹಾಕಿದ. ಜಯಲಕ್ಷ್ಮಮ್ಮ ಒಬ್ಬಟ್ಟಿಗೆ ಬೇಳೆ ಇಟ್ಟಳು. ಹೇಮಶ್ರೀ ರೇಷ್ಮೆ ಸೀರೆ ಉಟ್ಟು ಬೆವರತೊಡಗಿದಳು.

ಮೊದಲು ಬಂದವನು ಕಡ್ಡಿಯಂಥ ಮುದುಕ. ಮಾಸಿದ ಪಂಚೆ, ಬರಿಗಾಲು, ಹಿತ್ತಾಳೆ ಚೊಂಬು. ಇವನು ಬೀಗನಾಗಿರಲಾರ ಎಂದು ಸೋಮಯ್ಯ ಒಂದೇ ನೋಟಕ್ಕೆ ತೀರ್ಮಾನಿಸಿದ. ಆದರೂ ಇರಲಿ ಎಂದು ಜಗಲಿಯ ಮೂಲೆಯಲ್ಲಿ ಕೂರಿಸಿ ಎಲೆ ಹಾಕಿಸಿದ. ಆಮೇಲೆ ಬಂದವನನ್ನು ನೋಡಿ ಸೋಮಯ್ಯ ಬೀದಿಗೇ ಇಳಿದ. ಉಬ್ಬಿದ ಹೊಟ್ಟೆ, ಬೆರಳಲ್ಲಿ ಉಂಗುರ, ಗಂಭೀರ ನಡಿಗೆ.

"ಯಾವೂರಾಯ್ತು ಸ್ವಾಮಿ?"

"ಗೋವಿಂದನ ಪಾದವೇ ನಮ್ಮೂರು."

ಗುಟ್ಟು ಬಿಡದ ಈ ಉತ್ತರ ಕೇಳಿದ ಮೇಲೆ ಸೋಮಯ್ಯನಿಗೆ ಅನುಮಾನವೇ ಉಳಿಯಲಿಲ್ಲ. ನಡುಮನೆಗೆ ಕರೆದೊಯ್ದು ಕುರ್ಚಿ ಹಾಕಿದ. ಹೇಮಶ್ರೀ ಕಾಫಿ ತಂದಳು. ಹೊಟ್ಟೆಯವರು ಇನ್ನೊಂದು ಲೋಟ ಕೇಳಿದರು. ಸೋಮಯ್ಯ ಬೀಸಣಿಗೆ ಹಿಡಿದು ನಿಂತ.

ಅಷ್ಟರಲ್ಲಿ ಸುದ್ದಿ ಬಸ್‌ಸ್ಟ್ಯಾಂಡಿಗೆ ಮುಟ್ಟಿತ್ತು. ಬೀಡಾ ಅಂಗಡಿಯ ಸುಣ್ಣವನ್ನೇ ಹಣೆಗೆ ಬಳಿದುಕೊಂಡು ಒಬ್ಬೊಬ್ಬರೇ ಬಂದರು. ಜಗಲಿ ತುಂಬಿ, ಸಾಲು ಬೀದಿಗಿಳಿಯಿತು. ಎಲ್ಲರಿಗಿಂತ ಜೋರಾಗಿ "ಗೋವಿಂದ" ಎಂದವನು ಆ ಮೂಗ. ಅವನ ಕತ್ತುಪಟ್ಟಿ ಹಿಡಿಯಲು ಸೋಮಯ್ಯ ನಾಲ್ಕು ಹೆಜ್ಜೆ ಬಂದವನು ತಡೆದು ನಿಂತ. ಒಳಗೆ ಕೂತ ಬೀಗರು ನೋಡಿ, ಎಲೆ ಮುಂದಿನವನನ್ನು ಎಬ್ಬಿಸಿದ ಜಿಪುಣ ಅಂದುಕೊಂಡರೆ? ತನ್ನ ಕೈಯಾರೆ ಅವನ ಎಲೆಗೂ ಒಬ್ಬಟ್ಟು ಬಡಿಸಿದ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಪಕ್ಕದ ಮನೆಯ ಚಲುವಮ್ಮ ಗೋಡೆಯ ಮೇಲೆ ಕತ್ತು ಚಾಚಿದಳು. ಗಂಡ ತೀರಿದ ಮೇಲೆ ಹಾಲು ಮಾರಿ ಮಗಳು ಅನುವನ್ನು ಓದಿಸಿದ ಗಟ್ಟಿಗಿತ್ತಿ.

"ಏನ್ ಸೋಮಣ್ಣ, ಯಾರ್ದು ತಿಥಿ?"

"ಪುಣ್ಯದ ಕೆಲ್ಸ ಚಲುವಕ್ಕ."

"ಪುಣ್ಯ ಮಾಡೋ ಮೊಕ ಅಲ್ಲ ಇದು. ಸಾಲಲ್ಲಿ ಅರ್ಧ ಕಳ್ರೇ ಅವ್ರೆ."

ಆ ಮಾತು ಮುಗಿಯುವುದಕ್ಕೂ ಮೂಲೆಯ ಮುದುಕ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಕೈ ತೊಳೆದು ಬರುವಷ್ಟರಲ್ಲಿ ಅವನ ಚೊಂಬು ಮಾಯವಾಗಿತ್ತು. ಮೂಗನೂ ಇರಲಿಲ್ಲ.

"ದೇವ್ರ ಅಕ್ಕಿ ಇತ್ತಲ್ಲಪ್ಪ ಅದ್ರಲ್ಲಿ" ಅಂದ ಮುದುಕ ಬಾಗಿಲಿಗೆ ಬಂದು.

ಸೋಮಯ್ಯ ಆಗಷ್ಟೇ ಹೊಟ್ಟೆಯವರಿಗೆ ಹೊಸ ಪಂಚೆ, ಶಲ್ಯ ಹೊದಿಸುತ್ತಿದ್ದ. "ಉಂಡ್ಯಲ್ಲ, ಇನ್ನೇನು? ಆ ಪ್ಲಾಸ್ಟಿಕ್ ಡಬ್ಬ ತಗಂಡೋಗು" ಎಂದು ತಿರುಗಿಯೂ ನೋಡದೆ ಹೇಳಿದ. ಮುದುಕ ಡಬ್ಬ ಮುಟ್ಟದೆ ಇಳಿದುಹೋದ. ಬೀದಿಯಲ್ಲಿ ಅನು ಸೈಕಲ್ಲು ಹತ್ತಿ ಬಸ್‌ಸ್ಟ್ಯಾಂಡಿನ ಕಡೆ ಹಾರಿದ್ದನ್ನೂ ಸೋಮಯ್ಯ ನೋಡಲಿಲ್ಲ. ಅವನು ಮುಖ್ಯವಾದ ಮಾತಿಗೆ ಬರುತ್ತಿದ್ದ.

"ತಮ್ಮ ಮಗ ಮೇಷ್ಟ್ರಂತೆ."

"ಎಲ್ಲಿ ಮಗ ಸ್ವಾಮಿ?" ಹೊಟ್ಟೆಯವರು ಶಲ್ಯ ಸರಿಮಾಡಿಕೊಂಡರು. "ನಂಗೆ ಮದ್ವೇನೇ ಆಗಿಲ್ಲ. ಪಾಂಡವಪುರದ ಕಡೆಯೋನು. ಇಂಗೇ ಊರೂರು ತಿರೀಕಂಡು ತಿಂತೀನಿ. ನಿಮ್ಮಂಥ ಧರ್ಮಾತ್ಮರನ್ನ ನೋಡೇ ಇರ್ಲಿಲ್ಲ."

ಸೋಮಯ್ಯನ ಬೀಸಣಿಗೆ ನಿಂತಿತು. ಪಂಚೆ, ಶಲ್ಯ, ಒಬ್ಬಟ್ಟಿನ ಗಂಟು ಸಮೇತ ಹೊಟ್ಟೆಯವರು ಅದೇ ಗಂಭೀರ ನಡಿಗೆಯಲ್ಲಿ ಹೋದರು. ಬಾಣಲೆ ಬರಿದು, ಅಕ್ಕಿ ಡಬ್ಬ ಬರಿದು. ಜಯಲಕ್ಷ್ಮಮ್ಮ ಮಾತು ಬಿಟ್ಟಳು. ಹೇಮಶ್ರೀ ಸೀರೆ ಬದಲಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅವಳ ಬೆನ್ನು ನೋಡಿ ಸೋಮಯ್ಯನಿಗೆ ನಿಜಕ್ಕೂ ಅಳು ಬಂತು.

ಸಂಜೆ ಅದೇ ಕಡ್ಡಿ ಮುದುಕ ಮತ್ತೆ ಬಂದ. ಕೈಯಲ್ಲಿ ಅದೇ ಹಿತ್ತಾಳೆ ಚೊಂಬು, ಅದರಲ್ಲಿ ಹೇಮಗಿರಿಯ ತೀರ್ಥ.

"ನಾನು ಕಿಕ್ಕೇರಿ ಕಡೆ ಚಿಕ್ಕಸ್ವಾಮಿ."

ಸೋಮಯ್ಯ ಓಡಿ ಕುರ್ಚಿ ತಂದರೂ ಅವರು ಕೂರಲಿಲ್ಲ. ಮುದುಕರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಊಟ ಚೆಂದಾಗಿತ್ತು. ನಿಮ್ದು ದೊಡ್ಡ ಕೈ. ಅಷ್ಟು ದೊಡ್ ಕೈ ನಮ್ಮನೆಗೆ ಒಗ್ಗಾಕಿಲ್ಲ, ಬೇಜಾರು ಮಾಡ್ಕಬ್ಯಾಡಿ. ಪಕ್ಕದ್ಮನೆ ಉಡುಗಿ ಬಸ್ಸಿಂದ ಆ ಕಳ್ಳನ್ನ ಕೆಳಗಿಳಿಸಿ ಚೊಂಬು ತಂದ್ಕೊಟ್ಳು. ಅವ್ರಮ್ಮ ಒಂದಿಡಿ ಅಕ್ಕಿ ಆಕಿ, ದೇವ್ರ ಚೊಂಬು ಕಂಡೋರ ಜಗಲೀಲಿ ಮಡಗ್ತಾರಾ ಅಂತ ಚೆನ್ನಾಗಿ ಉಗುದ್ರು. ಮನೆ ನಡ್ಸೋದು ಅಂದ್ರೆ ಅಂಗೆ." ಮುದುಕರು ಹತ್ತಿರ ಬಂದರು. "ಒಂದು ಮಾತು ಕೇಳಾನ ಅಂತ ಬಂದೆ. ಆ ಮಗು ಎಂಗೆ? ನಮ್ ಉಡುಗನ್ಗೆ ಕೇಳ್ಬೌದಾ? ಮೂಗನ ಕತೇನ ನೀವೇ ಬೀದಿಗೆಲ್ಲ ಯೋಳ್ಕಂಡ್ರಂತೆ, ನಿಮ್ಗೆ ಸುಳ್ಳು ಯೋಳಾಕೆ ಬರಾಕಿಲ್ಲ ಅನ್ನೋದು ನಂಗೆ ಗೊತ್ತಾಯ್ತು."

ಒಂದೇ ಒಂದು ಸಣ್ಣ ಸುಳ್ಳು ಸಾಕಿತ್ತು. ಬಾಯಿ ಬಿರುಸು ಅಂದಿದ್ದರೂ ನಡೆಯುತ್ತಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ. ಬಾಗಿಲ ಹಿಂದೆ ಜಯಲಕ್ಷ್ಮಮ್ಮ ಕಿವಿಗೊಟ್ಟು ನಿಂತಿದ್ದಳು. ಸೋಮಯ್ಯ ಬಾಯಿ ತೆರೆದ.

"ಚಿನ್ನದಂಥ ಉಡುಗಿ ಸ್ವಾಮಿ" ಅಂದ.

ಚಿಕ್ಕಸ್ವಾಮಿ ತೀರ್ಥ ಕೊಟ್ಟು, ಕೈ ಮುಗಿದು, ನೇರವಾಗಿ ಚಲುವಮ್ಮನ ಮನೆಗೆ ಹೋದರು. ಮಧ್ಯಾಹ್ನದಿಂದ ಮಾತು ಬಿಟ್ಟಿದ್ದ ಜಯಲಕ್ಷ್ಮಮ್ಮ ಆಗ ಬಾಯಿ ಬಿಟ್ಟಳು.

"ಮನೇಲಿ ಇನ್ನೇನೂ ಉಳ್ದಿರ್ಲಿಲ್ಲ. ಅಳಿಯ ಒಬ್ಬ ಇದ್ದ. ಅವನ್ನೂ ದಾನ ಮಾಡ್ಬುಟ್ರಿ."