ಆಳದ್ದು ಯಾವುದು, ದಡದ್ದು ಯಾವುದು?

ಗೇಟಿನ ಮಾವನಿಗೆ ಪರೋಪಕಾರದ ಚಾಳಿ ಇರದಿದ್ದರೆ ಆ ದಿನ ಸುಸೂತ್ರವಾಗಿ ಕಳೆದುಹೋಗುತ್ತಿತ್ತು.

ಮಾವ ಎಂದರೆ ಸರೋವರದ ದಂಡೆಯಲ್ಲಿರುವ ಮೀನು ಸಂಶೋಧನಾ ಕೇಂದ್ರದ ಕಾವಲುಗಾರ. ಸಂಬಂಧದಲ್ಲಿ ಯಾರಿಗೂ ಮಾವನಲ್ಲ, ಸಲಹೆ ಕೊಡುವುದರಲ್ಲಿ ಎಲ್ಲರಿಗೂ ಮಾವ. ಆತ ಉಪಕಾರ ಮಾಡಿದ್ದು ನೀರಣ್ಣನಿಗೆ. ಮೀನಿನ ತೊಟ್ಟಿಗಳ ನೀರು ಬದಲಾಯಿಸುವುದೇ ಕೆಲಸವಾದ್ದರಿಂದ ಅವನಿಗೆ ಆ ಹೆಸರು. ಹೆತ್ತವರಿಟ್ಟ ಹೆಸರು ಅವನಿಗೇ ಒಮ್ಮೊಮ್ಮೆ ಮರೆಯುತ್ತಿತ್ತು. ಇಬ್ಬರೂ ಹಂಗಾಮಿ ನೌಕರರು. ಮಾವನಿಗೆ ಅದರ ಚಿಂತೆ ಇರಲಿಲ್ಲ. ನೀರಣ್ಣನಿಗೆ ಅದನ್ನು ಬಿಟ್ಟು ಬೇರೆ ಚಿಂತೆಯೇ ಇರಲಿಲ್ಲ.

"ಕಾಯಂ ಜಾಗ ಇರೋದು ಒಂದೇ ನೀರಣ್ಣ," ಎಂದು ದೊಡ್ಡ ಮೇಡಂ ಹಿಂದಿನ ದಿನ ಹೇಳಿದ್ದರು. "ನಾಳೆ ಪರೀಕ್ಷಕರು ಬಂದುಹೋಗ್ಲಿ. ಕಾಗದದಲ್ಲಿ ನಿನ್ನ ಹೆಸರು ಬರೆದಿಟ್ಟಿದ್ದೀನಿ. ಏನೂ ಎಡವಟ್ಟಾಗದಿದ್ರೆ ಸಂಜೆ ಸಹಿ ಹಾಕ್ತೀನಿ."

ಆ ಮಾತನ್ನು ನೀರಣ್ಣ ಮನೆಗೆ ಹೋಗುವ ದಾರಿಯುದ್ದಕ್ಕೂ ನಾಮಸ್ಮರಣೆಯಂತೆ ಗುನುಗಿಕೊಂಡಿದ್ದ.

ಮೇಡಂ ಅವರ ವಾದ ಇಷ್ಟು: ಸರೋವರದಲ್ಲಿರುವುದು ಒಂದೇ ಜಾತಿಯ ಮೀನು. ಆದರೆ ಕೆಲವು ಆಳದ ಕತ್ತಲಲ್ಲೇ ಹುಟ್ಟಿ ಅಲ್ಲೇ ಸಂಸಾರ ಹೂಡುತ್ತವೆ, ಕೆಲವು ದಡದ ಬಿಸಿಲಲ್ಲಿ. ಒಂದೇ ನೀರಲ್ಲಿದ್ದರೂ ಎರಡು ಮನೆತನಗಳ ನಡುವೆ ಕೊಟ್ಟು ತರುವ ರೂಢಿ ಇಲ್ಲ. ಹಾಗಾಗಿ ಅವುಗಳ ವಂಶವಾಹಿಗಳಲ್ಲೇ ವ್ಯತ್ಯಾಸ ಬಂದುಬಿಟ್ಟಿದೆ. ಪರೀಕ್ಷಕರಿಗೆ ಇದರಲ್ಲಿ ಅನುಮಾನ. ಅವರಿಗೆ ತೋರಿಸಲೆಂದೇ ಎರಡು ತೊಟ್ಟಿ: ಕಪ್ಪು ಗೋಡೆಯದರಲ್ಲಿ ಆಳದ ಮೀನು, ಬಿಳಿ ಗೋಡೆಯದರಲ್ಲಿ ದಡದ ಮೀನು. ಅವು ಕಾಡಿಗೆಯ ಕಪ್ಪು, ಇವು ಬೆಳ್ಳಿಯ ಬಿಳುಪು.

ಅಂದು ಬೆಳಿಗ್ಗೆ ಕಪ್ಪು ತೊಟ್ಟಿಯ ಬಿರಡೆ ಸಡಿಲವಾಗಿ ನೀರು ಸೋರುತ್ತಿತ್ತು. ನೀರಣ್ಣ ಅದರ ಮೀನುಗಳನ್ನು ಒಂದು ಬಿಳಿ ಟಬ್ಬಿಗೆ ಬಿಟ್ಟು, ಹೊಸ ಬಿರಡೆ ಹುಡುಕಿಕೊಂಡು ಬರುವಷ್ಟರಲ್ಲಿ ಮಾವ ಪ್ಯಾಂಟು ಮಡಚಿಕೊಂಡು ಬಿಳಿ ತೊಟ್ಟಿಯೊಳಗೆ ನಿಂತು ಗೋಡೆ ಉಜ್ಜುತ್ತಿದ್ದ.

"ಇದರ ಮೀನೆಲ್ಲಿ ಮಾವ?"

"ಅದೇ ಟಬ್ಬಿಗೆ ಸುರಿದೆ. ಒಂದೇ ಜಾತಿ ತಾನೇ? ಸುಮ್ನೆ ಇನ್ನೊಂದು ಟಬ್ಬು ಯಾಕೆ ಒದ್ದೆ ಮಾಡ್ಬೇಕು?"

ನೀರಣ್ಣನ ಕೈಯಲ್ಲಿದ್ದ ಬಿರಡೆ ಕೆಳಗೆ ಬಿದ್ದು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಉರುಳಿ ಮೇಜಿನಡಿ ಸೇರಿಕೊಂಡಿತು.

ಟಬ್ಬಿಗೆ ಇಣುಕಿದ. ಕಪ್ಪಗಿದ್ದ ಮೀನುಗಳೂ ಬಿಳಿ ಟಬ್ಬಿನಲ್ಲಿ ಬಣ್ಣ ಬಿಟ್ಟು, ಒಗೆದೊಗೆದು ಮಾಸಿದ ಅಂಗಿಗಳಂತೆ ಪೇಲವವಾಗಿದ್ದವು. ಎಲ್ಲವೂ ಒಂದೇ ಅಚ್ಚು. ಅವುಗಳಲ್ಲೊಂದು ಬಾಯಿ ತೆರೆದು ಮುಚ್ಚಿತು. "ಗುರುತಿಸು ನೋಡೋಣ" ಎಂದಂತಾಯಿತು.

"ಮಾವಾ, ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲ!"

"ಹೆದರ್ಬೇಡವೋ, ನಾನಿದ್ದೀನಲ್ಲ."

"ನೀನಿದ್ದೀಯ ಅನ್ನೋದೇ ಹೆದರಿಕೆ!"

ಮಾವ ಬೇಸರಿಸಲಿಲ್ಲ. "ಎತ್ತರದ ಡ್ರಮ್ಮಿಗೆ ಹಾಕು. ಆಳದ್ದು ಅಡಿಗೆ ಹೋಗುತ್ತೆ, ದಡದ್ದು ಮೇಲೆ ನಿಲ್ಲುತ್ತೆ," ಎಂದ. ಹಾಕಿದರು. ಎಲ್ಲ ಮೀನುಗಳೂ ನಡುಮಧ್ಯೆ ಗುಂಪುಗೂಡಿದವು. ತುಂಬಿದ ಬಸ್ಸಿನಲ್ಲಿ ಮುಂದೂ ಹೋಗದೆ ಹಿಂದೂ ಸರಿಯದೆ ನಿಲ್ಲುವ ಪ್ರಯಾಣಿಕರ ಹಾಗೆ. ಕಂಡಕ್ಟರನಂತೆ ಮಾವ ಕೂಗಿದ್ದೇ ಬಂತು. ಕೊನೆಗೆ ಎಲ್ಲವನ್ನೂ ಮತ್ತೆ ಟಬ್ಬಿಗೇ ಬಿಟ್ಟರು.

ಸದ್ದು ಕೇಳಿ ಕಚೇರಿಯ ಗುಮಾಸ್ತ ಬಂದ. "ಬಾಯಿ ನೋಡ್ರಯ್ಯ. ಆಳದ್ದಕ್ಕೆ ಬಾಯಿ ದೊಡ್ಡದು. ಮೇಡಂ ಭಾಷಣದಲ್ಲಿ ಹೇಳಿದ್ದಾರೆ."

"ಎಷ್ಟು ದೊಡ್ಡದು ಸ್ವಾಮಿ?"

"ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದಿತ್ತು. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡ."

ಮೂವರೂ ಬಗ್ಗಿ ನೋಡಿದರು. ಬಾಯಿ ತೆರೆದಾಗ ಎಲ್ಲದರದೂ ದೊಡ್ಡದು, ಮುಚ್ಚಿದಾಗ ಎಲ್ಲದರದೂ ಚಿಕ್ಕದು. ನೀರಣ್ಣ ಕಣ್ಣು ಮುಚ್ಚಿ ಕೈಮುಗಿದ. "ಎರಡನ್ನೂ ಮಾಡಿದೋನು ನೀನೇ ತಂದೆ. ಒಂದು ಗುರುತು ಹಾಕೋದು ಮರೆತ್ಯಾ?"

ಆ ಹೊತ್ತಿಗೆ ಚಹಾ ತಂದ ಕ್ಯಾಂಟೀನಿನ ಅಕ್ಕ ಟಬ್ಬಿನ ಮೇಲೆ ಬಾಗಿದಳು. ಆಕೆಯ ನೆರಳು ಬಿದ್ದದ್ದೇ ತಡ, ಅರ್ಧದಷ್ಟು ಮೀನುಗಳು ಬಾಣದಂತೆ ಓಡಿ ಮೂಲೆ ಸೇರಿದವು. ಉಳಿದವು ಕದಲಲಿಲ್ಲ.

"ಇದೇನು ಕಷ್ಟ ಅಂತ ತಲೆ ಚಚ್ಕೊಳ್ತೀರಪ್ಪ?" ಎಂದಳು ಅಕ್ಕ. "ದಡದ ಮೀನು ಬಲೆ ನೋಡಿದೆ, ಕಲ್ಲು ನೋಡಿದೆ, ನಮ್ಮಂಥೋರ ಕಾಲು ನೋಡಿದೆ. ನೆರಳು ಕಂಡ್ರೆ ಓಡುತ್ತೆ. ಆಳದ್ದು ಪಾಪ, ಏನೂ ಕಂಡಿಲ್ಲ. ಅದಕ್ಕೇನು ಗೊತ್ತು ಹೆದರೋಕೆ?"

ಮುಳುಗುತ್ತಿದ್ದ ನೀರಣ್ಣನಿಗೆ ಹಗ್ಗ ಸಿಕ್ಕಿದಂತಾಯಿತು. ಮೇಜಿನಡಿಯ ಬಿರಡೆ ತೆಗೆದು ಕಪ್ಪು ತೊಟ್ಟಿಗೆ ಜಡಿದು, ಎರಡೂ ತೊಟ್ಟಿಗೆ ನೀರು ತುಂಬಿದ. ಅಕ್ಕ ಮತ್ತೆ ಮತ್ತೆ ಬಾಗಿದಳು, ಅವನು ಮತ್ತೆ ಮತ್ತೆ ಬಲೆಚೀಲ ಆಡಿಸಿದ. ಓಡಿದವು ಬಿಳಿ ತೊಟ್ಟಿಗೆ, ನಿಂತವು ಕಪ್ಪು ತೊಟ್ಟಿಗೆ. ಕಪ್ಪು ಗೋಡೆಯ ನಡುವೆ ಬಿದ್ದವು ನೋಡನೋಡುತ್ತ ಕಪ್ಪಾದವು, ಬಿಳಿ ಗೋಡೆಯ ನಡುವಿನವು ಹೊಳೆಯತೊಡಗಿದವು. ಎಲ್ಲ ಮೊದಲಿನಂತೆಯೇ! ಮಾವ ಮೀಸೆ ತಿರುವಿದ. "ನೋಡಿದ್ಯಾ? ನಾನಿದ್ದೀನಿ ಅಂದಿರ್ಲಿಲ್ವಾ?"

ಪರೀಕ್ಷಕರು ಬಂದರು. ತೆಳ್ಳನೆಯ ಮನುಷ್ಯ, ಮುಖದಲ್ಲಿ ನಗುವಿಗೆ ಜಾಗವಿಲ್ಲ. ಮೇಡಂ ತೊಟ್ಟಿಗಳತ್ತ ಕೈ ಚಾಚಿ, "ಕಣ್ಣಿಗೇ ಕಾಣುತ್ತಲ್ಲ ಸಾರ್ ವ್ಯತ್ಯಾಸ," ಎಂದರು.

"ಕಣ್ಣಿಗೆ ಕಾಣೋದನ್ನ ನಾನು ನಂಬಲ್ಲ ಮೇಡಂ. ಬಣ್ಣಕ್ಕೆ, ವೇಷಕ್ಕೆ ಮೋಸ ಹೋಗೋನು ನಾನಲ್ಲ."

ಪ್ರತಿ ಮೀನಿನ ಈಜುರೆಕ್ಕೆಯಿಂದ ಒಂದು ಚೂರು ಕತ್ತರಿಸಿ, ಒಳಗಿನ ಕೋಣೆಯ ಯಂತ್ರಕ್ಕೆ ಕೊಟ್ಟು, ಬಾಗಿಲು ಹಾಕಿಕೊಂಡರು. ಹೊರಗೆ ನೀರಣ್ಣ ಕೂತ, ಎದ್ದ, ಮತ್ತೆ ಕೂತ. ಸಂಜೆ ಬಾಗಿಲು ತೆರೆದಾಗ ಅವರ ಹುಬ್ಬು ಗಂಟಿಕ್ಕಿತ್ತು.

"ಸರೋವರದಿಂದ ಹಿಡಿದ ದಿನ ನೀವು ತೆಗೆದಿಟ್ಟಿದ್ದ ಚೂರುಗಳ ಜೊತೆ ಹೋಲಿಸಿದೆ. ಕಪ್ಪು ತೊಟ್ಟಿಯಲ್ಲಿರೋದಷ್ಟೂ ದಡದ ಮೀನು. ಬಿಳಿ ತೊಟ್ಟಿಯಲ್ಲಿರೋದಷ್ಟೂ ಆಳದ ಮೀನು. ಇದು ಯಾರ ಕೆಲಸ?"

ಮೇಡಂ ಬಿಳಿಚಿಕೊಂಡರು. ನೀರಣ್ಣನ ತಲೆಯೊಳಗೆ ಅಕ್ಕನ ಮಾತು ಮಗುಚಿ ಬಿತ್ತು. ನೆರಳು ನೋಡಿ ನೋಡಿ ಅಭ್ಯಾಸವಾದದ್ದು ದಡದ್ದಕ್ಕೆ. ಕಾಣದ್ದನ್ನು ಕಂಡು ಬೆಚ್ಚಿ ಓಡಿದ್ದು ಆಳದ್ದು! ಈಗ ನಿಜ ಹೇಳಿದರೆ ಕಾಯಂ ಕಾಗದ ಕೈತಪ್ಪುತ್ತದೆ. ಅವನ ಬೆರಳು ತಾನಾಗಿ ಎದ್ದು ಮಾವನತ್ತ ತಿರುಗಿತು.

"ಇವನೇ ಸಾರ್. ಬೆಳಿಗ್ಗೆ ತೊಟ್ಟಿಗೆ ಇಳಿದೋನು ಇವನೇ. ನಾನು ಬಿರಡೆ ತರೋಕೆ ಹೋಗಿದ್ದೆ."

"ಅಯ್ಯೋ ದ್ರೋಹಿ!" ಎಂದ ಮಾವ.

"ನೀರಣ್ಣ, ಸರಿಯಾಗಿ ಯೋಚಿಸಿ ಹೇಳು. ನೀನು ಕೈ ಹಾಕ್ಲಿಲ್ವಾ?" ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ. ದೇವರಾಣೆ, ನನಗೂ ಇದಕ್ಕೂ ಸಂಬಂಧ ಇಲ್ಲ."

ಪರೀಕ್ಷಕರು ಮಾವನ ಬಳಿಗೆ ನಡೆದರು. ನೀರಣ್ಣ ಮುಖ ತಿರುಗಿಸಿದ. ಆದರೆ ಅವರು ಮಾವನ ಎರಡೂ ಕೈ ಹಿಡಿದು ಕುಲುಕತೊಡಗಿದರು.

"ಭೇಷ್! ಅದಲುಬದಲು ಮಾಡಿದ್ರೂ ಒಂದು ಮೀನೂ ಬೆರಕೆ ಆಗಿಲ್ಲ. ಬಣ್ಣ ಕೊಟ್ಟದ್ದು ತೊಟ್ಟಿ, ವಂಶವಾಹಿ ಕೊಟ್ಟದ್ದು ಸರೋವರ! ಇದು ಸಾಬೀತಾಗಿದ್ದೇ ಈ ಅದಲುಬದಲಿನಿಂದ. ಮೇಡಂ, ನಿಮ್ಮ ವಾದ ಗೆದ್ದಿತು. ಇಂಥ ಕೈ ನಿಮ್ಮಲ್ಲಿದೆ ಅಂತ ಯಾಕೆ ಮುಚ್ಚಿಟ್ಟಿದ್ರಿ?"

ಮೇಡಂ ಮಾವನನ್ನು ನೋಡಿದರು, ಮೀನನ್ನು ನೋಡಿದರು. "ಹೌದು... ಅಂದ್ರೆ... ಹಾಗೇ ಅಂದ್ಕೊಳ್ಳಿ ಸಾರ್."

ಮಾವನಿಗೂ ಏನೂ ಅರ್ಥವಾಗಲಿಲ್ಲ. ಹೊಗಳಿಕೆ ಎಂಬುದು ಮಾತ್ರ ಅರ್ಥವಾಯಿತು. "ನಂದೇನಿದೆ ಸಾರ್? ಏನೋ ನಾಲ್ಕು ಜನಕ್ಕೆ ಉಪಕಾರ ಆಗ್ಲಿ ಅಂತ."

"ಮೇಡಂ, ಮೇಡಂ," ನೀರಣ್ಣ ನಡುವೆ ನುಗ್ಗಿದ. "ಬೇರೆ ಮಾಡಿದ್ದು ನಾನು! ಇವನು ಬೆರೆಸಿದ್ದಷ್ಟೇ!"

"ಈಗ ತಾನೇ ದೇವರಾಣೆ ಇಟ್ಟೆಯಲ್ಲೋ?" ಎಂದರು ಮೇಡಂ. ಕಾಗದದ ಮೇಲಿದ್ದ ನೀರಣ್ಣನ ಹೆಸರು ಹೊಡೆದುಹಾಕಿ ಮಾವನ ಹೆಸರು ಬರೆದು, ಅಲ್ಲೇ ನಿಂತು ಸಹಿ ಹಾಕಿದರು. "ನಾಳೆಯಿಂದ ತೊಟ್ಟಿ ಇವರು ನೋಡ್ಕೊಳ್ತಾರೆ. ಗೇಟಲ್ಲಿ ಯಾರೂ ಇಲ್ಲ, ನೀನು ಈಗಲೇ ಹೋಗಿ ನಿಲ್ಲು."

ಮಾವ ತನ್ನ ಖಾಕಿ ಕೋಟು ಬಿಚ್ಚಿ ನೀರಣ್ಣನ ಹೆಗಲಿಗೆ ಹಾಕಿದ. "ತೋಳು ಸ್ವಲ್ಪ ಉದ್ದ, ಮಡಚ್ಕೋ. ಏನಾದ್ರೂ ಬೇಕಾದ್ರೆ ಕೇಳು, ನಾನಿದ್ದೀನಿ."

ಕತ್ತಲಾಗುವ ಹೊತ್ತಿಗೆ ಪರೀಕ್ಷಕರ ಕಾರು ಗೇಟಿಗೆ ಬಂತು. ನೀರಣ್ಣ ಅಗುಳಿ ತೆಗೆದು ಸಲಾಮು ಹೊಡೆದ. ಕಾರು ನಿಂತಿತು, ಗಾಜು ಕೆಳಗಿಳಿಯಿತು. ಗುರುತು ಹಿಡಿದರು, ವಿಚಾರಿಸುತ್ತಾರೆ ಎಂದು ನೀರಣ್ಣ ಕೋಟಿನ ಗುಂಡಿ ಹಾಕಿಕೊಂಡ.

"ನಿಮ್ಮನ್ನ ಇವತ್ತೆಲ್ಲೂ ನೋಡಿದ ಹಾಗಿಲ್ಲ," ಎಂದರು ಪರೀಕ್ಷಕರು. "ಎಷ್ಟು ವರ್ಷದಿಂದ ಕಾವಲು ಕೆಲಸ?"

"ಈಗಷ್ಟೇ ಶುರು ಸಾರ್."

"ಸುಮ್ನಿರಿ. ನನಗೆ ಮೋಸ ಮಾಡೋಕಾಗಲ್ಲ," ಎಂದು ಆ ದಿನ ಮೊದಲ ಬಾರಿಗೆ ನಕ್ಕರು. "ನಿಂತ ರೀತೀನೇ ಹೇಳುತ್ತೆ. ನಿಮ್ಮದು ವಂಶದಲ್ಲೇ ಬಂದಿರೋ ಕೆಲಸ."