ಮನೆಯನ್ನು ಕಡಲ ಹತ್ತಿರಕ್ಕೆ ತಂದ ತಪ್ಪಿಗೆ ನನ್ನ ವಿವರಣೆ

ಪುರಸಭೆಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಕಡಲ ದಂಡೆಯ ಕೊನೆಯ ಮನೆಯಲ್ಲಿ ಒಂದು ಹೊಲಿಗೆ ಯಂತ್ರವನ್ನೂ ಒಬ್ಬ ಅಕ್ಕನನ್ನೂ ಇಟ್ಟುಕೊಂಡು ಬದುಕುತ್ತಿರುವ ನಾನು, ತಮಗೂ ತಮ್ಮ ಕಚೇರಿಯ ಸಮಸ್ತ ಮೇಜು ಕುರ್ಚಿಗಳಿಗೂ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಿರುಗಾಳಿಯ ನಂತರ ತಾವು ದಯಮಾಡಿ ಕಳಿಸಿದ ನೋಟಿಸು ಕೈಸೇರಿದೆ. ಕಡಲಿನಿಂದ ಐವತ್ತು ಮೀಟರಿನೊಳಗೆ ಯಾರೂ ಮನೆ ಇಟ್ಟುಕೊಳ್ಳಬಾರದೆಂಬ ನಿಯಮವನ್ನು ಮುರಿದು ನಮ್ಮ ಮನೆ ಹದಿನೆಂಟು ಮೀಟರಿಗೆ ಬಂದು ನಿಂತಿದೆಯೆಂದೂ, ಏಳು ದಿನದಲ್ಲಿ ವಿವರಣೆ ಕೊಟ್ಟು ಜಾಗ ಖಾಲಿ ಮಾಡಬೇಕೆಂದೂ ಅದರಲ್ಲಿದೆ.

ತಪ್ಪಾಯಿತು. ಆದರೆ ಅಪ್ಪ ಕಟ್ಟಿಸಿದ ಆ ನಾಲ್ಕು ಗೋಡೆಗಳನ್ನು ನಾನು ಎಷ್ಟು ಗದರಿಸಿ ಕೇಳಿದರೂ, ಅವು ಒಂದು ಹೆಜ್ಜೆಯೂ ಕಡಲಿನತ್ತ ಹೋಗಿಲ್ಲವೆಂದೇ ಸಾಧಿಸುತ್ತಿವೆ.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹಿಂಬಾಗಿಲ ಹೊಸ್ತಿಲಿನಿಂದ ನೀರಿನವರೆಗೆ ದಿನಾ ಬೆಳಿಗ್ಗೆ ಹೆಜ್ಜೆ ಎಣಿಸುತ್ತ ಹೋಗಿ ಬರುವುದು ಅವಳ ಅಭ್ಯಾಸ. ಇನ್ನೂರಿದ್ದ ಹೆಜ್ಜೆ ನೂರ ಅರವತ್ತಕ್ಕೆ ಇಳಿದಾಗ, ಅಂದರೆ ಮೂರು ವರ್ಷದ ಹಿಂದೆ, ಕಲ್ಲಿನ ತಡೆಗೋಡೆ ಬೇಕೆಂದು ತಮಗೆ ಅರ್ಜಿ ಕೊಟ್ಟೆವು. ಅರ್ಜಿ ಪರಿಶೀಲನೆಯಲ್ಲಿದೆಯೆಂದು ತಮ್ಮ ಗುಮಾಸ್ತರು ಹೋದಾಗಲೆಲ್ಲ ನಗುನಗುತ್ತಲೇ ಹೇಳಿದ್ದಾರೆ. ಅವರ ತಾಳ್ಮೆ ದೊಡ್ಡದು. ಬಿರುಗಾಳಿ ಮಾತ್ರ ಯಾರ ಪರಿಶೀಲನೆಗೂ ಕಾಯದೆ ಹೆಜ್ಜೆಗಳನ್ನು ಅರವತ್ತೆರಡಕ್ಕೆ ತಂದಿತು.

ಮರುದಿನ ತಮ್ಮ ಚುರುಕುತನ ನೋಡಬೇಕಿತ್ತು. ದಂಡೆಯ ಮೇಲಿನ ಸರ್ಕಾರಿ ಅತಿಥಿಗೃಹವನ್ನು ಉಳಿಸಲು ಮುನ್ನೂರು ಮರಳಿನ ಚೀಲ ಬೇಕೆಂದು ನನಗೇ ಹೇಳಿ ಕಳಿಸಿದಿರಿ. ಊರಿನ ಕೆಲಸವೆಂದು ನಾನು ಎದೆಯುಬ್ಬಿಸಿಕೊಂಡು, ಒಂದೊಂದಕ್ಕೂ ಎರಡೆರಡು ಹೊಲಿಗೆ ಹಾಕಿ, ನಾಲ್ಕೇ ದಿನದಲ್ಲಿ ಒಪ್ಪಿಸಿದೆ. ಅವಕ್ಕೆ ತುಂಬಲು ತಮ್ಮ ಸಿಬ್ಬಂದಿ ಮರಳು ತೋಡಿದ್ದು ನಮ್ಮ ಹಿಂಬಾಗಿಲಿನ ಎದುರಿಗೆ. ತೋಡಿದ ಹಳ್ಳಕ್ಕೆ ಕಡಲು ಬಂದು ಕೂತಿತು. ದಂಡೆ ಉಳಿಸಲು ದಂಡೆಯನ್ನೇ ಅಗೆಯುವ ಇಂಥ ಉಪಾಯ ನಮ್ಮಂಥವರ ತಲೆಗೆ ಹೊಳೆಯುವುದಿಲ್ಲ. ನಮ್ಮ ಅಂಗಳವನ್ನು ಹೊತ್ತೊಯ್ಯಲು ನಾನೇ ಕೂತು ಚೀಲ ಹೊಲಿದುಕೊಟ್ಟಂತಾಯಿತು.

ಆಮೇಲೆ ತಮ್ಮ ಅಳತೆಯವರು ಟೇಪು ಹಿಡಿದು ಬಂದರು. ಅವರು ಟೇಪು ಬಿಚ್ಚುವ ಮೊದಲೇ ಅಕ್ಕ, “ಮೂವತ್ತಾರು ಹೆಜ್ಜೆ ಬರೆದುಕೊಳ್ಳಪ್ಪ, ಸುಮ್ಮನೆ ಯಾಕೆ ಬಿಸಿಲಲ್ಲಿ ಬಗ್ಗುತ್ತೀಯ” ಎಂದಳು. ಅವರು ಬಗ್ಗಿಯೇ ಅಳೆದರು. ಹದಿನೆಂಟು ಮೀಟರು, ಲೆಕ್ಕ ಸರಿಯಾಗಿಯೇ ಬಂತು.

ಹೀಗಿರುವುದರಿಂದ ತಮ್ಮಲ್ಲಿ ನನ್ನದೊಂದು ಬಿನ್ನಹ. ನಮಗೆ ಕೊಟ್ಟಂಥದೇ ನೋಟಿಸನ್ನು ಏಳು ದಿನದ ಗಡುವು ಹಾಕಿ ಕಡಲಿಗೂ ಜಾರಿ ಮಾಡಿ. ಅದು ಸಹಿ ಹಾಕಿ ಪಡೆಯಲು ಒಪ್ಪದಿದ್ದರೆ, ನಮ್ಮ ಬಾಗಿಲಿಗೆ ಅಂಟಿಸಿದ ಹಾಗೆ ಯಾವುದಾದರೂ ದೊಡ್ಡ ಅಲೆಗೆ ಅಂಟಿಸಿ, ಇಬ್ಬರು ಸಾಕ್ಷಿಗಳ ಎದುರು ಫೋಟೋ ತೆಗೆಸಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ವ್ಯಂಗ್ಯ ಬಿಟ್ಟು ಹೇಳುತ್ತೇನೆ. ಈ ಮನೆಯಲ್ಲಿ ಅಕ್ಕನಿಗೆ ಕಣ್ಣು ಬೇಕಾಗಿಲ್ಲ. ಒಲೆ, ನೀರಿನ ಹಂಡೆ, ನನ್ನ ಕತ್ತರಿ, ಎಲ್ಲವೂ ಅವಳ ಕೈಗೆ ಗೊತ್ತು. ಬೇರೆ ಮನೆಗೆ ಕಾಲಿಟ್ಟ ದಿನ ಅವಳು ನಿಜವಾಗಿ ಕುರುಡಿಯಾಗುತ್ತಾಳೆ. ನನಗೆ ಕಡಲಿಗಿಂತ ಅದರದೇ ಹೆದರಿಕೆ.

ಇವತ್ತು ಬೆಳಿಗ್ಗೆಯ ಎಣಿಕೆಯಂತೆ ಕಡಲಿನಿಂದ ಇನ್ನೂ ಮೂವತ್ತು ಹೆಜ್ಜೆಯಷ್ಟು ದೂರದಲ್ಲಿರುವ,
ತಮ್ಮ ವಿಶ್ವಾಸಿ,
ಚೀಲ ಹೊಲಿದವಳು

ಮರೆತ ಮಾತು: ನಿನ್ನೆ ತಮ್ಮ ಹನ್ನೊಂದು ಚೀಲಗಳು ಬರಿದಾಗಿ ತೇಲುತ್ತ ನಮ್ಮ ಹಿಂಬಾಗಿಲಿಗೆ ಬಂದಿವೆ. ನನ್ನ ಹೊಲಿಗೆ ಒಂದೂ ಬಿಟ್ಟಿಲ್ಲ, ತಮ್ಮವರು ಕಟ್ಟಿದ ಬಾಯಿಗಳಷ್ಟೇ ಬಿಚ್ಚಿಕೊಂಡಿವೆ. ಒಗೆದು ಒಣಗಿಸಿ ಇದರೊಂದಿಗೆ ಕಳಿಸಿದ್ದೇನೆ. ಈ ಸಲ ಮರಳು ಬೇಡ, ನಮ್ಮ ತಡೆಗೋಡೆಯ ಕಡತವನ್ನು ತುಂಬಿ ನಮ್ಮ ಹಿಂಬಾಗಿಲಿಗೆ ಇಡಿಸಿ. ಮೂರು ವರ್ಷದಿಂದ ಇಟ್ಟ ಜಾಗ ಬಿಟ್ಟು ಕದಲದೆ ಇರುವುದು ಈ ದಂಡೆಯಲ್ಲಿ ಅದೊಂದೇ.